ದುಡ್ಡು ಕೊಟ್ಟು ಓದುವ ಪತ್ರಿಕೆ ನನಗೆ ಹಿಡಿಸದ್ದನ್ನು ಬರೆದರೆ ಚಂದಾ ನಿಲ್ಲಿಸಬೇಕಾ?

ಓದುಗರೊಬ್ಬರ ಪ್ರಶ್ನೆ:

"ನಮಸ್ಕಾರ ಸರ್. ಎರಡು ವರ್ಷದಿಂದ ಒಂದು ಸುದ್ದಿ ತಾಣಕ್ಕೆ ಚಂದಾ ಕಟ್ಟುತ್ತಿದ್ದೇನೆ. ರಾಜಕೀಯ ವಿಶ್ಲೇಷಣೆ ಮಾಡುವ ಒಬ್ಬರ ವಿಡಿಯೋ ಚಾನೆಲ್‌ಗೂ ತಿಂಗಳ ಮೆಂಬರ್‌ಶಿಪ್ ಇದೆ. ಕಳೆದ ತಿಂಗಳು ಆ ಸುದ್ದಿ ತಾಣ ನಾನು ಮೆಚ್ಚುವ ನಾಯಕರ ಬಗ್ಗೆ ಒಂದು ದೊಡ್ಡ ವರದಿ ಹಾಕಿತು, ಪೂರ್ತಿ ವಿರುದ್ಧವಾಗಿ. ಓದಿ ಎರಡು ದಿನ ಮನಸ್ಸು ಕೆಟ್ಟುಹೋಯಿತು. ನನ್ನ ದುಡ್ಡು ತಗೊಂಡು ನನಗೇ ಬೈದ ಹಾಗಾಯಿತು. ನನ್ನ ತಮ್ಮ ಹೇಳುತ್ತಾನೆ, 'ಅಕ್ಕಾ, ಸುದ್ದಿ ಎಲ್ಲ ಕಡೆ ಬಿಟ್ಟಿ ಸಿಗುತ್ತೆ, ಸುಮ್ನೆ ಯಾಕೆ ದುಡ್ಡು ಸುರೀತೀಯ, ಎಲ್ಲರೂ ಮಾರಿಕೊಂಡವರೇ' ಅಂತ. ದುಡ್ಡು ಕೊಟ್ಟರೂ ಜಾಹೀರಾತು ನಿಂತಿಲ್ಲ. ಬಾಯಲ್ಲಿ ಆಡಿದ್ದು ಮರುದಿನ ಜಾಹೀರಾತಾಗಿ ಬರುತ್ತೆ, ಫೋನ್ ಕೇಳಿಸಿಕೊಳ್ಳುತ್ತಾ? ಕೋಪದಲ್ಲಿ ಆ್ಯಪ್ ಡಿಲೀಟ್ ಮಾಡಿದೆ, ಆದರೂ ಈ ತಿಂಗಳ ಹಣ ಕಟ್ ಆಗಿದೆ. ಚಂದಾ ನಿಲ್ಲಿಸಲಾ, ಇಟ್ಟುಕೊಳ್ಳಲಾ? ದುಡ್ಡು ಕೊಟ್ಟು ಓದುವುದರಿಂದ ನಿಜವಾಗಿ ಏನಾದರೂ ವ್ಯತ್ಯಾಸ ಆಗುತ್ತಾ?"

ನಮಸ್ಕಾರ. ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆದರೆ ನಿಮ್ಮನ್ನು ಚುಚ್ಚುತ್ತಿರುವುದು ಆ ಒಂದೇ ಮಾತು ಅಂತ ನನಗನಿಸುತ್ತದೆ, "ನನ್ನ ದುಡ್ಡು ತಗೊಂಡು ನನಗೇ ಬೈದ ಹಾಗಾಯಿತು". ಇದನ್ನು ಯಾರಾದರೂ ಸಣ್ಣ ಮಾತು ಅಂದರೆ ನಂಬಬೇಡಿ. ನಾನು ಹದಿನಾರು ವರ್ಷ ಸುದ್ದಿ ತಾಣಗಳ ಚಂದಾ ವಿಭಾಗದಲ್ಲೇ ಕೆಲಸ ಮಾಡಿದವನು. ಚಂದಾ ಬಿಟ್ಟು ಹೋಗುವವರಲ್ಲಿ ಬೆಲೆ ಜಾಸ್ತಿ ಆಯಿತು ಅಂತ ಹೋಗುವವರು ತಣ್ಣಗೆ ಹೋಗುತ್ತಾರೆ. ನೋವಾಗಿ ಹೋಗುವವರು ಉದ್ದುದ್ದ ಬರೆದು ಹೋಗುತ್ತಾರೆ. ಅವರ ಮಾತು ಓದಿ ಓದಿಯೇ ನನಗೆ ಈ ವ್ಯವಹಾರ ಅರ್ಥವಾಗಿದ್ದು.

ಮೊದಲು ನಿಮ್ಮ ತಮ್ಮನ ಮಾತು ತಗೊಳ್ಳೋಣ. ಸುದ್ದಿ ಬಿಟ್ಟಿ ಸಿಗುತ್ತದೆ ಅನ್ನುವುದು ಅರ್ಧ ನಿಜ. ಓದುವುದು ಬಿಟ್ಟಿ, ತರುವುದು ಬಿಟ್ಟಿ ಅಲ್ಲ. ಒಬ್ಬ ವರದಿಗಾರ ಕಡತ ಹುಡುಕಿಕೊಂಡು ಮೂರು ತಿಂಗಳು ಅಲೆಯುತ್ತಾನೆ, ಅವನ ಸಂಬಳ ಯಾರೋ ಕೊಟ್ಟಿರುತ್ತಾರೆ. ನಿಮ್ಮ ತಮ್ಮನ ವಾಟ್ಸಾಪ್‌ಗೆ ಬಂದು ಬೀಳುವ ತುಣುಕು ಕೂಡ ಮೂಲದಲ್ಲಿ ಯಾರದೋ ಖರ್ಚಿನಲ್ಲಿ ಹುಟ್ಟಿದ್ದು. ನಿಜವಾಗಿದ್ದರೆ, ಅಷ್ಟೇ. ಸುಳ್ಳು ಹುಟ್ಟಿಸುವುದಕ್ಕೆ ಖರ್ಚೇ ಇಲ್ಲ, ಅದಕ್ಕೇ ಅದು ಅಷ್ಟೊಂದು ಸಿಗುತ್ತದೆ.

ಇಂಟರ್‌ನೆಟ್ ಬಂದು ಸುದ್ದಿಯನ್ನು ಹಾಳು ಮಾಡಿತು, ಮೊದಲು ಜನ ದುಡ್ಡು ಕೊಟ್ಟು ಓದುತ್ತಿದ್ದರು, ಪತ್ರಿಕೆಗಳು ಶುದ್ಧವಾಗಿದ್ದವು ಅನ್ನುವವರೂ ಇದ್ದಾರೆ. ಅದೂ ಪೂರ್ತಿ ಸರಿಯಲ್ಲ. 1833ರಲ್ಲಿ ನ್ಯೂಯಾರ್ಕಿನಲ್ಲಿ 'ದಿ ಸನ್' ಅನ್ನುವ ಪತ್ರಿಕೆ ಶುರುವಾಯಿತು. ಉಳಿದ ಪತ್ರಿಕೆಗಳ ಬೆಲೆ ಆರು ಸೆಂಟ್ ಇದ್ದಾಗ ಇದನ್ನು ಒಂದು ಸೆಂಟಿಗೆ ಮಾರಿದರು. ಒಂದು ಸೆಂಟಿನಲ್ಲಿ ಖರ್ಚು ಹುಟ್ಟುತ್ತಿರಲಿಲ್ಲ. ಆದರೆ ಓದುಗರು ಮುಗಿಬಿದ್ದರು, ಅಷ್ಟು ಕಣ್ಣುಗಳನ್ನು ತೋರಿಸಿ ಜಾಹೀರಾತು ತಂದರು. ಎರಡೇ ವರ್ಷದಲ್ಲಿ, 1835ರ ಆಗಸ್ಟ್‌ನಲ್ಲಿ, ಅದೇ ಪತ್ರಿಕೆ ಚಂದ್ರನ ಮೇಲೆ ಜೀವಿಗಳಿವೆ, ರೆಕ್ಕೆ ಇರುವ ಮನುಷ್ಯರಿದ್ದಾರೆ ಅಂತ ಆರು ಕಂತುಗಳಲ್ಲಿ ಹಸಿ ಸುಳ್ಳು ಬರೆದು, ಅದಕ್ಕೆ ಜಾನ್ ಹರ್ಷೆಲ್ ಅನ್ನುವ ನಿಜವಾದ ಖಗೋಳ ವಿಜ್ಞಾನಿಯ ಹೆಸರು ಅಂಟಿಸಿತು. ಕಣ್ಣು ಸೆಳೆಯುವ ಸುಳ್ಳಿಗೆ ಹತ್ತಿರ ಹತ್ತಿರ ಇನ್ನೂರು ವರ್ಷ ಆಯಿತು ಅಂತಾಯಿತಲ್ಲ. ಆಮೇಲೆ ಬಂದ ಪತ್ರಿಕೆಗಳಲ್ಲೂ ನಾವು ಕೊಡುತ್ತಿದ್ದ ಬೆಲೆ ಖರ್ಚಿನ ಒಂದು ಪಾಲು ಮಾತ್ರ. ಮನೆ ಬಾಡಿಗೆಗಿದೆ, ಕೆಲಸ ಖಾಲಿ ಇದೆ, ವಧು ಬೇಕಾಗಿದ್ದಾಳೆ, ಈ ಸಣ್ಣ ಸಣ್ಣ ವರ್ಗೀಕೃತ ಜಾಹೀರಾತುಗಳೇ ಎಷ್ಟೋ ಪತ್ರಿಕೆಗಳನ್ನು ಸಾಕುತ್ತಿದ್ದವು. ಇಂಟರ್‌ನೆಟ್ ಮೊದಲು ಕಿತ್ತುಕೊಂಡಿದ್ದು ಓದುಗರನ್ನಲ್ಲ, ಆ ಸಣ್ಣ ಜಾಹೀರಾತುಗಳನ್ನು.

ಹಾಗಾದರೆ ಈಗ ಬಿಟ್ಟಿ ತಾಣಗಳು ಹೇಗೆ ನಡೆಯುತ್ತಿವೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಫೋನ್ ಕೇಳಿಸಿಕೊಳ್ಳುತ್ತಾ ಅನ್ನುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ.

ನೀವು ಒಂದು ಸುದ್ದಿ ತೆರೆದಾಗ ಪುಟ ಪೂರ್ತಿ ಮೂಡುವ ಮೊದಲೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಒಂದು ಹರಾಜು ಮುಗಿದಿರುತ್ತದೆ. ಯಾವ ಪುಟ, ಯಾವ ಬಗೆಯ ಫೋನ್, ಸುಮಾರು ಯಾವ ಜಾಗ, ಈ ಬ್ರೌಸರ್ ಈ ಮೊದಲು ಏನೇನು ನೋಡಿತ್ತು, ಇಷ್ಟನ್ನು ಹತ್ತಾರು ಕಂಪನಿಗಳಿಗೆ ಕಳಿಸುತ್ತಾರೆ. ಜಾಸ್ತಿ ಕೂಗಿದವರ ಜಾಹೀರಾತು ನಿಮ್ಮ ಮುಂದೆ ಬರುತ್ತದೆ. ಈ ಹರಾಜಿನ ದುಡ್ಡೆಲ್ಲ ಪತ್ರಿಕೆಗೆ ಹೋಗುತ್ತದೆ ಅಂದುಕೊಂಡರೆ ತಪ್ಪು. ಬ್ರಿಟನ್ನಿನ ಜಾಹೀರಾತುದಾರರ ಸಂಘ ಐಎಸ್‌ಬಿಎ, ಪಿಡಬ್ಲ್ಯೂಸಿ ಅನ್ನುವ ಲೆಕ್ಕಪರಿಶೋಧನಾ ಸಂಸ್ಥೆಯಿಂದ ಇದರ ಲೆಕ್ಕ ಹಾಕಿಸಿ 2020ರಲ್ಲಿ ಪ್ರಕಟಿಸಿತು. ಜಾಹೀರಾತುದಾರ ಕೊಟ್ಟ ನೂರರಲ್ಲಿ ತಾಣದ ಕೈಗೆ ಸೇರಿದ್ದು 51. ಉಳಿದಿದ್ದು ನಡುವಿನವರಿಗೆ. ಅದರಲ್ಲೂ 15 ಎಲ್ಲಿ ಹೋಯಿತು ಅಂತ ಲೆಕ್ಕ ನೋಡಿದವರಿಗೇ ಪತ್ತೆ ಹಚ್ಚಲಾಗಲಿಲ್ಲ. ಅಷ್ಟು ಕಡಿಮೆ ಉಳಿಯುವಾಗ ತಾಣ ಏನು ಮಾಡುತ್ತದೆ? ಪುಟಗಳ ಸಂಖ್ಯೆ ಜಾಸ್ತಿ ಮಾಡುತ್ತದೆ. ಒಂದು ಸುದ್ದಿಯನ್ನು ಹತ್ತು ಚೂರು ಮಾಡಿ ಹಾಕುತ್ತದೆ. ತಲೆಬರಹವನ್ನು ಕೆರಳಿಸುವ ಹಾಗೆ ಬರೆಯುತ್ತದೆ.

ನಾನು ಕೂತಿದ್ದ ಕೋಣೆಯ ಗೋಡೆಯಲ್ಲಿ ಒಂದು ದೊಡ್ಡ ಪರದೆ ಇತ್ತು. ಈ ಕ್ಷಣ ಯಾವ ಸುದ್ದಿಯನ್ನು ಎಷ್ಟು ಜನ ಓದುತ್ತಿದ್ದಾರೆ ಅಂತ ಅಂಕಿ ಓಡುತ್ತಾ ಇರುತ್ತಿತ್ತು. ಒಂದೇ ಸುದ್ದಿಗೆ ಎರಡು ತಲೆಬರಹ ಕೊಟ್ಟು, ಅರ್ಧ ಜನರಿಗೆ ಒಂದು, ಉಳಿದವರಿಗೆ ಇನ್ನೊಂದು ತೋರಿಸುತ್ತಿದ್ದೆವು. "ವಿಧೇಯಕದ ಬಗ್ಗೆ ಸಚಿವರ ಸ್ಪಷ್ಟನೆ" ಅಂತ ಒಂದು, "ಸಚಿವರ ಮಾತಿಗೆ ಸಿಡಿದೆದ್ದ ವಿರೋಧ ಪಕ್ಷ" ಅಂತ ಇನ್ನೊಂದು. ಯಾವುದು ಗೆಲ್ಲುತ್ತಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಒಳಗಿನ ವರದಿ ಒಂದಕ್ಷರ ಬದಲಾಗಿರುತ್ತಿರಲಿಲ್ಲ. ರಾಜಕೀಯದ ಬಗ್ಗೆ ಜನರಿಗೆ ಇಷ್ಟೊಂದು ಸಿಟ್ಟು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಆ ಗೋಡೆಯ ಪರದೆ.

ಇನ್ನು ಫೋನ್ ಕೇಳಿಸಿಕೊಳ್ಳುವ ವಿಷಯ. ನನ್ನ ಮನೆಯವರೂ ಇದನ್ನೇ ನಂಬಿದ್ದಾರೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಕೊಟ್ಟರು. ಗುಟ್ಟಾಗಿ ಮೈಕ್ ಆನ್ ಮಾಡಿ ಮಾತು ಕಳಿಸಿದ ಒಂದು ಆ್ಯಪ್ ಕೂಡ ಅವರಿಗೆ ಸಿಗಲಿಲ್ಲ. ಆದರೆ ಬಳಸುವವರಿಗೆ ಗೊತ್ತಾಗದಂತೆ ಪರದೆಯ ಮೇಲೆ ಆಗುವುದನ್ನು ಚಿತ್ರೀಕರಿಸಿ ಹೊರಗೆ ಕಳಿಸುವ ಆ್ಯಪ್‌ಗಳು ಸಿಕ್ಕವು. ಜಾಹೀರಾತಿನವರಿಗೆ ನಿಮ್ಮ ಮಾತು ಕೇಳುವ ಅಗತ್ಯವೇ ಇಲ್ಲ. ನೀವು ಮಾತಾಡಿದ ಗೆಳತಿ ಅದೇ ವಸ್ತುವನ್ನು ಹುಡುಕಿರುತ್ತಾರೆ, ಇಬ್ಬರೂ ಒಂದೇ ವೈಫೈನಲ್ಲಿ ಇರುತ್ತೀರಿ. ನೀವೇ ಹೋದ ವಾರ ಒಂದು ಪುಟದ ಮೇಲೆ ಅರ್ಧ ನಿಮಿಷ ನಿಂತು ಮರೆತಿರುತ್ತೀರಿ. ಅಷ್ಟು ಸಾಕು.

ಈಗ ನಿಮ್ಮ ದೂರು, ದುಡ್ಡು ಕೊಟ್ಟರೂ ಜಾಹೀರಾತು ಯಾಕೆ? ಹೆಚ್ಚಿನ ತಾಣಗಳಲ್ಲಿ ಚಂದಾ ಅಂದರೆ ಒಳಗೆ ಬರುವ ಟಿಕೆಟ್, ಜಾಹೀರಾತು ಇಲ್ಲ ಅನ್ನುವ ಮಾತು ಅದರಲ್ಲಿ ಇರುವುದಿಲ್ಲ. ನೀವು ಸೇರಿದಾಗಿನ ಷರತ್ತು ಒಮ್ಮೆ ನೋಡಿ. "ಜಾಹೀರಾತುರಹಿತ" ಅಂತ ಬರೆದು ಆಮೇಲೆ ತೋರಿಸುತ್ತಿದ್ದರೆ ದೂರು ಕೊಡಿ. ಬರೆದಿಲ್ಲದಿದ್ದರೆ ಅದು ಮೋಸವಲ್ಲ, ಆದರೆ ನನಗೆ ಸರಿ ಅಂತಲೂ ಅನಿಸುವುದಿಲ್ಲ. ದುಡ್ಡು ಕೊಟ್ಟವರಿಗೆ ಕೊನೇಪಕ್ಷ ಅವರು ಏನೇನು ನೋಡಿದರು ಅಂತ ಲೆಕ್ಕ ಇಟ್ಟು ಹಿಂಬಾಲಿಸುವ ಜಾಹೀರಾತನ್ನಾದರೂ ನಿಲ್ಲಿಸಬೇಕು ಅಂತ ನಾನು ಕೆಲಸದಲ್ಲಿ ಇದ್ದಾಗಲೂ ವಾದ ಮಾಡುತ್ತಿದ್ದೆ, ಗೆದ್ದಿದ್ದು ಕಡಿಮೆ.

ಇದಕ್ಕಿಂತ ದೊಡ್ಡ ಒಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಚಂದಾ ಕಟ್ಟಿದ ಮೇಲೆ ನೀವು ಲಾಗಿನ್ ಆಗಿಯೇ ಓದುತ್ತೀರಿ. ಅಂದರೆ ನೀವು ಯಾರು, ಯಾವ ನಾಯಕರ ಸುದ್ದಿ ಪೂರ್ತಿ ಓದಿದಿರಿ, ಯಾವುದನ್ನು ಎರಡನೇ ಪ್ಯಾರಾಕ್ಕೆ ಬಿಟ್ಟಿರಿ, ಎಲ್ಲ ನಿಮ್ಮ ಹೆಸರಿನ ಮುಂದೆ ದಾಖಲಾಗುತ್ತದೆ. ಬಿಟ್ಟಿ ಓದುವವರಿಗಿಂತ ದುಡ್ಡು ಕೊಟ್ಟು ಓದುವವರು ತಾಣಕ್ಕೆ ಚೆನ್ನಾಗಿ ಗೊತ್ತು. ರಾಜಕೀಯ ಒಲವು ಸಣ್ಣ ಮಾಹಿತಿ ಅಲ್ಲ. 2018ರಲ್ಲಿ, ಜನರ ಮಾಹಿತಿಯನ್ನು ಚುನಾವಣಾ ಪ್ರಚಾರಕ್ಕೆ ಬಳಸುತ್ತಿದ್ದ ಕೇಂಬ್ರಿಜ್ ಅನಾಲಿಟಿಕಾ ಅನ್ನುವ ಕಂಪನಿಯ ಹಗರಣ ಹೊರಗೆ ಬಂದಾಗ, ತನ್ನ ಬಳಕೆದಾರರಲ್ಲಿ 8.7 ಕೋಟಿ ಜನರವರೆಗಿನ ಮಾಹಿತಿ ಆ ಕಂಪನಿಗೆ ಸೋರಿರಬಹುದು ಅಂತ ಫೇಸ್‌ಬುಕ್ ತಾನೇ ಒಪ್ಪಿತು. ಅದೇ ವರ್ಷ ಮೇ ತಿಂಗಳಲ್ಲಿ ಜಾರಿಗೆ ಬಂದ ಯುರೋಪಿನ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ರಾಜಕೀಯ ಅಭಿಪ್ರಾಯವನ್ನು ಆರೋಗ್ಯದ ಮಾಹಿತಿಯ ಸಾಲಿನಲ್ಲೇ ಇಟ್ಟು ವಿಶೇಷ ರಕ್ಷಣೆ ಕೊಟ್ಟಿದೆ. ಹಾಗಾಗಿ ಚಂದಾ ಮುಂದುವರಿಸುವುದಾದರೆ ಅಕೌಂಟ್ ಸೆಟ್ಟಿಂಗ್ಸ್ ಒಳಗೆ ಹೋಗಿ, ಓದಿನ ಮಾಹಿತಿಯನ್ನು ಬೇರೆಯವರಿಗೆ ಕೊಡುವ ಆಯ್ಕೆ ಆನ್ ಇದೆಯಾ ನೋಡಿ, ಇದ್ದರೆ ಆಫ್ ಮಾಡಿ. ಎರಡು ನಿಮಿಷದ ಕೆಲಸ.

ಈಗ ಅಸಲು ಪ್ರಶ್ನೆಗೆ ಬರುತ್ತೇನೆ. ದುಡ್ಡು ಕೊಟ್ಟು ಓದುವುದರಿಂದ ವ್ಯತ್ಯಾಸ ಆಗುತ್ತಾ?

ಆಗುತ್ತದೆ. ಆದರೆ ಜನ ಅಂದುಕೊಂಡ ಹಾಗೆ ಅಲ್ಲ. ಚಂದಾ ಕಟ್ಟಿದ ಕೂಡಲೇ ಪತ್ರಿಕೆ ನಿಷ್ಪಕ್ಷಪಾತಿ ಆಗಿಬಿಡುವುದಿಲ್ಲ. ಬದಲಾಗುವುದು ಒಂದೇ, ಪತ್ರಿಕೆ ಯಾರಿಗೆ ಹೆದರುತ್ತದೆ ಅನ್ನುವುದು. ಜಾಹೀರಾತಿನಿಂದ ನಡೆಯುವ ಪತ್ರಿಕೆ ಜಾಹೀರಾತು ಕೊಡುವವರಿಗೆ ಹೆದರುತ್ತದೆ, ಅವರಲ್ಲಿ ಸರಕಾರಗಳೂ ಇರುತ್ತವೆ. ಒಬ್ಬ ಧಣಿಯ ದುಡ್ಡಿನಿಂದ ನಡೆಯುವುದು ಧಣಿಗೆ ಹೆದರುತ್ತದೆ. ಚಂದಾದಿಂದ ನಡೆಯುವುದು ನಿಮಗೆ ಹೆದರುತ್ತದೆ. ನಿಮ್ಮ ಸಿಟ್ಟಿಗೆ ಹೆದರುತ್ತದೆ. ನೀವು ಬರೆದ ಆ ಒಂದು ಸಾಲಿಗೆ ಹೆದರುತ್ತದೆ.

ನಾನು ಕಣ್ಣಾರೆ ಕಂಡಿದ್ದು ಹೇಳುತ್ತೇನೆ, ಯಾವ ತಾಣ ಅಂತ ಹೇಳುವುದಿಲ್ಲ. ಚಂದಾ ರದ್ದು ಮಾಡುವಾಗ "ಕಾರಣ ತಿಳಿಸಿ" ಅಂತ ಒಂದು ಖಾಲಿ ಚೌಕ ಬರುತ್ತದಲ್ಲ, ಅದರಲ್ಲಿ ಬರೆದಿದ್ದೆಲ್ಲ ಪ್ರತಿದಿನ ಬೆಳಿಗ್ಗೆ ನನ್ನ ಮೇಜಿಗೆ ಬರುತ್ತಿತ್ತು. ಸಾಮಾನ್ಯವಾಗಿ ಅರ್ಧ ಪುಟ. ಒಮ್ಮೆ ನಮ್ಮ ವರದಿಗಾರ್ತಿಯೊಬ್ಬರು ಒಂದು ಪಕ್ಷದ ಹಣಕಾಸಿನ ಬಗ್ಗೆ ಬರೆದರು. ಒಳ್ಳೆ ವರದಿ, ಪ್ರತಿ ಸಾಲಿಗೂ ದಾಖಲೆ ಇತ್ತು. ಮರುದಿನ ಆ ಪಟ್ಟಿ ಎರಡು ಪುಟ ದಾಟಿತು. "ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ." "ನೀವೂ ಅವರ ಹಾಗೇ ಆದಿರಿ." "ನನ್ನ ಹಣ ವಾಪಸ್ ಕೊಡಿ." ಒಬ್ಬರು ಬರೀ "ಯಾಕೆ?" ಅಂತ ಬರೆದಿದ್ದರು. ಸಂಪಾದಕರು ನನ್ನ ಮೇಜಿನ ಹತ್ತಿರ ಬಂದು, ಕೂರದೆ, ನಿಂತುಕೊಂಡೇ ಎರಡೂ ಪುಟ ಓದಿದರು. ಏನೂ ಹೇಳಲಿಲ್ಲ. ಆ ವರದಿಯ ಎರಡನೇ ಕಂತು ಮುಂದಿನ ವಾರ ಬರಬೇಕಿತ್ತು. ಬಂತು, ಆದರೆ ಮುಖಪುಟದಲ್ಲಿ ಅಲ್ಲ, ಒಳಗೆ, ಶನಿವಾರ ರಾತ್ರಿ, ಸಪ್ಪೆ ತಲೆಬರಹದಲ್ಲಿ. ಯಾವ ಮಂತ್ರಿಯೂ ಫೋನ್ ಮಾಡಿರಲಿಲ್ಲ. ಯಾವ ಕಂಪನಿಯೂ ಜಾಹೀರಾತು ನಿಲ್ಲಿಸುತ್ತೇನೆ ಅಂದಿರಲಿಲ್ಲ. ಆ ವರದಿಯನ್ನು ಒಳಗೆ ತಳ್ಳಿದ್ದು ನಮ್ಮ ಓದುಗರು, ಪ್ರೀತಿಯಿಂದ ದುಡ್ಡು ಕೊಡುತ್ತಿದ್ದ ಓದುಗರು.

ಅವತ್ತಿನಿಂದ ನನಗೆ ಈ ವಿಷಯದಲ್ಲಿ ಒಂದೇ ಅಭಿಪ್ರಾಯ. ನಿಮಗೆ ಒಪ್ಪಿಗೆಯಾಗದ್ದನ್ನು ಬರೆಯುವ ಧೈರ್ಯಕ್ಕೇ ನೀವು ದುಡ್ಡು ಕೊಡುತ್ತಿರುವುದು. ನಿಮಗೆ ಒಪ್ಪಿಗೆಯಾಗುವುದನ್ನು ಹೇಳುವವರು ಬಿಟ್ಟಿಯಾಗಿಯೇ ಬೇಕಾದಷ್ಟು ಸಿಗುತ್ತಾರೆ.

ಅಂದರೆ ಯಾವತ್ತೂ ಚಂದಾ ನಿಲ್ಲಿಸಬಾರದು ಅಂತಲ್ಲ. 2024ರ ಅಕ್ಟೋಬರ್‌ನಲ್ಲಿ ನಡೆದಿದ್ದು ನೋಡಿ. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ 11 ದಿನ ಇರುವಾಗ ವಾಷಿಂಗ್ಟನ್ ಪೋಸ್ಟ್ ಈ ಸಲ ಯಾವ ಅಭ್ಯರ್ಥಿಗೂ ಬೆಂಬಲ ಸೂಚಿಸುವುದಿಲ್ಲ ಅಂತ ಪ್ರಕಟಿಸಿತು. ಅದರ ಮಾಲೀಕ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್, 2013ರಲ್ಲಿ ಪತ್ರಿಕೆ ಕೊಂಡವರು. ಆ ನಿರ್ಧಾರ ಅವರದೇ ಅಂತ ವರದಿಯಾಯಿತು. ಕೆಲವೇ ದಿನಗಳಲ್ಲಿ ಎರಡೂವರೆ ಲಕ್ಷ ಜನ ಚಂದಾ ರದ್ದು ಮಾಡಿದರು ಅಂತ ಎನ್‌ಪಿಆರ್ ರೇಡಿಯೋ ವರದಿ ಮಾಡಿತು. ಆ ಓದುಗರಿಗೆ ಕೋಪ ಬಂದಿದ್ದು ಒಂದು ವರದಿಯ ಮೇಲೆ ಅಲ್ಲ, ಮಾಲೀಕರು ಸಂಪಾದಕೀಯದ ಒಳಗೆ ಕೈ ಹಾಕಿದರು ಅನ್ನುವುದರ ಮೇಲೆ. ಅದು ನ್ಯಾಯವಾದ ಕಾರಣ ಅಂತ ನನಗನಿಸುತ್ತದೆ. ಆದರೂ ಒಂದು ಸಂಕಟ ಇದೆ. ಬೆಜೋಸ್‌ಗೆ ಆ ಚಂದಾ ಹಣ ಲೆಕ್ಕಕ್ಕೇ ಇಲ್ಲ. ಪೆಟ್ಟು ಬೀಳುವುದು ಅಲ್ಲಿನ ವರದಿಗಾರರಿಗೆ, ಆ ನಿರ್ಧಾರವನ್ನು ತಮ್ಮದೇ ಪತ್ರಿಕೆಯಲ್ಲಿ ಟೀಕಿಸಿ ಬರೆದ ಅಂಕಣಕಾರರಿಗೆ. ಚಂದಾ ರದ್ದು ಅನ್ನುವುದು ಗುರಿ ಇಟ್ಟು ಹೊಡೆಯುವ ಕಲ್ಲಲ್ಲ, ಹತ್ತಿರ ಇದ್ದವರಿಗೆಲ್ಲ ತಾಗುತ್ತದೆ.

ಇನ್ನೊಂದು ಬದಿಯ ಉದಾಹರಣೆ ಫ್ರಾನ್ಸಿನ ಮೀಡಿಯಾಪಾರ್. 2008ರಲ್ಲಿ ಕೆಲವು ಪತ್ರಕರ್ತರು ಸೇರಿ ಶುರು ಮಾಡಿದ ತಾಣ. ಜಾಹೀರಾತು ಇಲ್ಲ, ಓದುಗರ ಚಂದಾ ಅಷ್ಟೇ. ಇದು ಬಾಳುವುದಿಲ್ಲ ಅಂದವರು ಬಹಳ ಜನ. 2012ರ ಡಿಸೆಂಬರ್‌ನಲ್ಲಿ ಅದು ದೇಶದ ಬಜೆಟ್ ಮಂತ್ರಿ ಜೆರೋಮ್ ಕಾಯುಜಾಕ್ ಅವರಿಗೆ ಸ್ವಿಟ್ಜರ್‌ಲೆಂಡಿನಲ್ಲಿ ಗುಪ್ತ ಬ್ಯಾಂಕ್ ಖಾತೆ ಇತ್ತು ಅಂತ ಬರೆಯಿತು. ತೆರಿಗೆ ಕಳ್ಳತನ ಹಿಡಿಯಬೇಕಾದ ಮಂತ್ರಿಗೇ ಗುಪ್ತ ಖಾತೆ! ಅವರು ಸಂಸತ್ತಿನಲ್ಲಿ ನಿಂತು ಸುಳ್ಳು ಅಂದರು. 2013ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು, ಏಪ್ರಿಲ್‌ನಲ್ಲಿ ಖಾತೆ ಇದ್ದದ್ದು ನಿಜ ಅಂತ ಒಪ್ಪಿಕೊಂಡರು. ಅದು ಸಮಾಜವಾದಿ ಪಕ್ಷದ ಸರಕಾರ. ಮೀಡಿಯಾಪಾರ್ ಓದುಗರಲ್ಲಿ ಎಡಪಂಥದ ಕಡೆ ವಾಲಿದವರೇ ಜಾಸ್ತಿ. ಅಂದರೆ ತನ್ನ ಓದುಗರು ಮತ ಹಾಕಿ ತಂದ ಸರಕಾರದ ಮಂತ್ರಿಯನ್ನೇ ಅದು ಹಿಡಿಯಿತು, ಓದುಗರು ಅದರ ಜೊತೆ ನಿಂತರು. ಚಂದಾ ಹಣ ಏನು ಮಾಡಬಲ್ಲದು ಅಂತ ಕೇಳಿದರೆ ನಾನು ತೋರಿಸುವುದು ಇದನ್ನೇ.

ಇನ್ನು ನಿಮ್ಮ ವಿಡಿಯೋ ಮೆಂಬರ್‌ಶಿಪ್. ಇದನ್ನು ಸುದ್ದಿ ಚಂದಾ ಜೊತೆ ಒಂದೇ ತಟ್ಟೆಗೆ ಹಾಕಬೇಡಿ. ಯೂಟ್ಯೂಬ್‌ನಲ್ಲಿ ಮೆಂಬರ್‌ಶಿಪ್ ಹಣದ 70% ಚಾನೆಲ್ ನಡೆಸುವವರಿಗೆ ಹೋಗುತ್ತದೆ, ಉದ್ದದ ವಿಡಿಯೋಗಳ ಜಾಹೀರಾತಿನಲ್ಲಿ 55%. ಹಾಗಾಗಿ ನಿಮ್ಮ ಮೆಂಬರ್‌ಶಿಪ್ ಅವರಿಗೆ ನಿಜವಾಗಿಯೂ ಆಸರೆ. ಆದರೆ ಅವರು ಮಾಡುತ್ತಿರುವುದು ವಿಶ್ಲೇಷಣೆ, ಅಂದರೆ ಬೇರೆಯವರು ತಂದ ಸುದ್ದಿಯ ಮೇಲೆ ತಮ್ಮ ಅಭಿಪ್ರಾಯ. ಅದಕ್ಕೂ ಬೆಲೆ ಇದೆ, ನಾನೂ ಅಂಥ ಇಬ್ಬರನ್ನು ಕೇಳುತ್ತೇನೆ. ಆದರೆ ಅಲ್ಲಿ ನೋಡುವವರಿಗೆ ಹೆದರುವುದು ಇನ್ನೂ ಜಾಸ್ತಿ. ಪತ್ರಿಕೆಯಲ್ಲಿ ನೂರು ಜನ ಸಿಟ್ಟಾಗಿ ಹೋದರೆ ನಡುವೆ ಒಬ್ಬ ಸಂಪಾದಕರು, ಒಂದು ಸಂಸ್ಥೆ ಇರುತ್ತದೆ. ಒಬ್ಬಂಟಿ ಚಾನೆಲ್‌ನಲ್ಲಿ ನೂರು ಜನ ಹೋದರೆ ಅವರ ಮನೆ ಖರ್ಚೇ ಅಲುಗಾಡುತ್ತದೆ. ಅದಕ್ಕೆ ಅವರು ವರ್ಷದಿಂದ ವರ್ಷಕ್ಕೆ ತಮ್ಮ ಮೆಂಬರ್‌ಗಳ ದನಿಯಲ್ಲೇ ಮಾತಾಡತೊಡಗುತ್ತಾರೆ, ಬೇಕಂತ ಅಲ್ಲ, ತಮಗೇ ಗೊತ್ತಾಗದ ಹಾಗೆ. ಅದರ ಮೇಲೆ ಯೂಟ್ಯೂಬ್ 2012ರಿಂದ ಎಷ್ಟು ಜನ ಕ್ಲಿಕ್ ಮಾಡಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಹೆಚ್ಚು ತೂಕ ಕೊಡುತ್ತಿದೆ. ಹತ್ತು ನಿಮಿಷದಲ್ಲಿ ಮುಗಿಯುವ ಮಾತು ನಲವತ್ತು ನಿಮಿಷ ಎಳೆಯುವುದು ಅದಕ್ಕೇ.

ನೀವು ಅವರನ್ನು ಹೀಗೆ ಪರೀಕ್ಷೆ ಮಾಡಿ. ಹೋದ ವರ್ಷದ ವಿಡಿಯೋಗಳಲ್ಲಿ ಅವರು ತಮ್ಮ ಕಡೆಯವರನ್ನು ಒಮ್ಮೆಯಾದರೂ ಗಟ್ಟಿಯಾಗಿ ಟೀಕಿಸಿದ್ದಾರಾ? "ನಾನು ಹೇಳಿದ್ದು ತಪ್ಪಾಯಿತು" ಅಂತ ಒಮ್ಮೆಯಾದರೂ ಹೇಳಿದ್ದಾರಾ? ಎರಡೂ ಇಲ್ಲ ಅಂದರೆ ನೀವು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಸಮಾಧಾನ, ತಿಳಿವಳಿಕೆ ಅಲ್ಲ. ಸಮಾಧಾನಕ್ಕೆ ದುಡ್ಡು ಕೊಡಬಾರದು ಅಂತ ನಾನು ಹೇಳುವುದಿಲ್ಲ, ಅದು ಯಾವುದು ಅಂತ ಗೊತ್ತಿದ್ದರೆ ಆಯಿತು. ಟ್ವಿಟರ್‌ನಲ್ಲಿ (ಈಗಿನ ಹೆಸರು ಎಕ್ಸ್) ಹೆಸರಿನ ಪಕ್ಕ ಇರುವ ನೀಲಿ ಗುರುತು ನೋಡಿಯೂ ನಂಬಬೇಡಿ. ಎಲಾನ್ ಮಸ್ಕ್ 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ ಕೊಂಡ ಮೇಲೆ, 2023ರ ಏಪ್ರಿಲ್‌ನಲ್ಲಿ ಹಳೆಯ ಪರಿಶೀಲಿತ ಗುರುತುಗಳನ್ನು ತೆಗೆದುಹಾಕಿದರು. ಈಗ ಅಲ್ಲಿ ನೀಲಿ ಗುರುತು ಅಂದರೆ ಸಾಮಾನ್ಯವಾಗಿ ಹಣ ಕಟ್ಟಿದ್ದಾರೆ ಅಂತ, ಹೇಳಿದ್ದು ನಿಜ ಅಂತಲ್ಲ.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿ ಇದೆ?

ಚಂದಾ ನಿಲ್ಲಿಸಬಹುದು. ನಿಲ್ಲಿಸುವ ಮೊದಲು ಒಂದು ಕೆಲಸ ಮಾಡಿ. ಆ ವರದಿಯನ್ನು ಮತ್ತೆ ತೆರೆಯಿರಿ, ಈಗ ಸಿಟ್ಟು ಸ್ವಲ್ಪ ಇಳಿದಿರುತ್ತದೆ ಅಲ್ವಾ. ಯಾವ ಸಾಲು ಸುಳ್ಳು ಅಂತ ಹುಡುಕಿ. ಚೆನ್ನಾಗಿಲ್ಲದ ಸಾಲು ಬೇಡ, ಸುಳ್ಳಾದ ಸಾಲು. ದಾಖಲೆ ಕೊಟ್ಟಿದ್ದಾರಾ, ಆರೋಪ ಹೊತ್ತವರ ಉತ್ತರ ಕೇಳಿ ಹಾಕಿದ್ದಾರಾ, ಹೆಸರಿಲ್ಲದ ಮೂಲಗಳ ಮೇಲೆಯೇ ಪೂರ್ತಿ ನಿಂತಿದೆಯಾ ನೋಡಿ. ಸುಳ್ಳು ಸಿಕ್ಕರೆ ಸಂಪಾದಕರಿಗೆ ಆ ಸಾಲು ತೋರಿಸಿ ಬರೆಯಿರಿ. ಒಳ್ಳೆಯ ತಾಣ ತಿದ್ದುಪಡಿ ಹಾಕುತ್ತದೆ. ಹಾಕದಿದ್ದರೆ, ಉತ್ತರವನ್ನೂ ಕೊಡದಿದ್ದರೆ, ಆಗ ಧಾರಾಳವಾಗಿ ನಿಲ್ಲಿಸಿ, ಆ ಖಾಲಿ ಚೌಕದಲ್ಲಿ ಕಾರಣವನ್ನೂ ಬರೆಯಿರಿ. "ದ್ರೋಹಿಗಳು" ಅಂತ ಬರೆದಿದ್ದನ್ನು ಯಾರೂ ಎರಡನೇ ಸಲ ಓದುವುದಿಲ್ಲ. "ಈ ತಪ್ಪನ್ನು ತೋರಿಸಿದೆ, ಒಂದು ತಿಂಗಳಾದರೂ ತಿದ್ದಲಿಲ್ಲ" ಅಂತ ಬರೆದರೆ ಅದು ಸಭೆಗೆ ಹೋಗುತ್ತದೆ. ನಾನೇ ಅಂಥವನ್ನು ಸಭೆಗೆ ತಗೊಂಡು ಹೋಗಿದ್ದೇನೆ.

ನಿಲ್ಲಿಸಿ, ಬಿಟ್ಟಿಯಾಗಿ ಓದಬಹುದು. ಪೇವಾಲ್, ಅಂದರೆ ದುಡ್ಡು ಕಟ್ಟಿದರಷ್ಟೇ ತೆರೆಯುವ ಬೀಗ, ಅದನ್ನು ದಾಟುವ ಉಪಾಯಗಳು ಎಲ್ಲರಿಗೂ ಗೊತ್ತು, ಅದರ ಬಗ್ಗೆ ಬರೆಯುವುದಿಲ್ಲ. ಜಾಹೀರಾತು ತಡೆಯುವ ಆ್ಯಡ್ ಬ್ಲಾಕರ್ ಬಗ್ಗೆ ನನ್ನ ಅಭಿಪ್ರಾಯ ನನ್ನ ಹಳೆಯ ಸಹೋದ್ಯೋಗಿಗಳಿಗೆ ಇಷ್ಟವಾಗುವುದಿಲ್ಲ, ಆದರೂ ಹೇಳುತ್ತೇನೆ. ಹಿಂಬಾಲಿಸುವ ಜಾಹೀರಾತುಗಳಲ್ಲಿ ವೈರಸ್ ಬಂದ ಉದಾಹರಣೆಗಳು ಇವೆ, ಹಾಗಾಗಿ ಅದನ್ನು ಹಾಕಿಕೊಳ್ಳುವುದು ತಪ್ಪಲ್ಲ. ದಿನಾ ಓದುವ, ನಂಬುವ ತಾಣಕ್ಕೆ ಮಾತ್ರ ಆಫ್ ಮಾಡಿ. ಎಐ ಸಾರಾಂಶ ಓದಿ ಮುಗಿಸುವುದು ಇನ್ನೊಂದು ದಾರಿ. ಗೂಗಲ್ ಹುಡುಕಾಟದಲ್ಲಿ ಎಐ ಸಾರಾಂಶ ಬಂದಾಗ ಕೆಳಗಿನ ಕೊಂಡಿ ಒತ್ತಿದ್ದು ನೂರರಲ್ಲಿ 8 ಸಲ ಮಾತ್ರ, ಸಾರಾಂಶ ಇಲ್ಲದಾಗ 15 ಸಲ ಅಂತ ಪ್ಯೂ ಸಂಶೋಧನಾ ಕೇಂದ್ರ 2025ರಲ್ಲಿ ಕಂಡಿತು. ರಾಜಕೀಯ ಸುದ್ದಿಗೆ ನಾನು ಇದನ್ನು ಒಪ್ಪುವುದಿಲ್ಲ. ಯಾರು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು ಅನ್ನುವುದೇ ರಾಜಕೀಯ ಸುದ್ದಿಯ ಜೀವ. ಸಾರಾಂಶದಲ್ಲಿ ಮೊದಲು ಉದುರಿಹೋಗುವುದು ಅದೇ.

ಇಟ್ಟುಕೊಳ್ಳಬಹುದು, ಆದರೆ ಬೇರೆ ಥರ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ತಾಣಕ್ಕೆ ಪೇವಾಲ್ ಇಲ್ಲ, ಇಷ್ಟ ಬಂದವರು ದುಡ್ಡು ಕೊಡುತ್ತಾರೆ, ಕೊಡದವರೂ ಓದುತ್ತಾರೆ. ಅದಕ್ಕೆ ಒಬ್ಬ ಧಣಿ ಇಲ್ಲ, 1936ರಲ್ಲಿ ಹುಟ್ಟಿದ ಸ್ಕಾಟ್ ಟ್ರಸ್ಟ್ ಅದರ ಒಡೆತನ ಹೊತ್ತಿದೆ. ಇಂಥ ಕಡೆ ಕೊಟ್ಟರೆ ನಿಮ್ಮ ಹಣದಲ್ಲಿ ನಿಮ್ಮ ತಮ್ಮನಂಥವರೂ ಒಳ್ಳೆಯದನ್ನು ಓದುತ್ತಾರೆ. ಅದು ಸಣ್ಣ ವಿಷಯವಲ್ಲ. ಪೇವಾಲ್ ಮೇಲೆ ನನಗಿರುವ ದೊಡ್ಡ ಬೇಸರವೇ ಇದು, ಸುಳ್ಳು ಬೀದಿಯಲ್ಲಿ ಬಿಟ್ಟಿ ಓಡಾಡುತ್ತದೆ, ನಿಜ ಬೀಗ ಹಾಕಿದ ಕೋಣೆಯಲ್ಲಿ ಕೂತಿರುತ್ತದೆ. ಸುದ್ದಿ ಮಾಧ್ಯಮಗಳ ಅಧ್ಯಯನ ಮಾಡುವ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ 2024ರಲ್ಲಿ 20 ಶ್ರೀಮಂತ ದೇಶಗಳ ಲೆಕ್ಕ ಕೊಟ್ಟಿತ್ತು. ಅಲ್ಲೂ ಆನ್‌ಲೈನ್ ಸುದ್ದಿಗೆ ದುಡ್ಡು ಕೊಟ್ಟವರು ನೂರಕ್ಕೆ 17. ಎಲ್ಲರಿಗಿಂತ ಮುಂದಿರುವ ನಾರ್ವೆಯಲ್ಲಿ 40. ಉಳಿದವರು ಬೀಗದ ಹೊರಗೇ ಇದ್ದಾರೆ, ಅವರೂ ಮತ ಹಾಕುತ್ತಾರೆ.

ಈಗ ಕಟ್ ಆದ ಹಣದ ವಿಷಯ. ಆ್ಯಪ್ ಡಿಲೀಟ್ ಮಾಡಿದರೆ ಚಂದಾ ರದ್ದಾಗುವುದಿಲ್ಲ. ಈ ತಪ್ಪು ಮಾಡುವವರು ತುಂಬ ಜನ, ನೀವು ನೊಂದುಕೊಳ್ಳಬೇಡಿ. ಫೋನಿನ ಆ್ಯಪ್ ಸ್ಟೋರ್ ಮೂಲಕ ಸೇರಿದ್ದರೆ, ಅದೇ ಸ್ಟೋರ್‌ನಲ್ಲಿ ನಿಮ್ಮ ಹೆಸರಿನ ಕೆಳಗೆ ಸಬ್‌ಸ್ಕ್ರಿಪ್ಶನ್ಸ್ ಅಂತ ಇರುತ್ತದೆ, ಅಲ್ಲಿ ಹೋಗಿ ರದ್ದು ಮಾಡಬೇಕು. ತಾಣದಲ್ಲಿ ನೇರವಾಗಿ ಕಾರ್ಡ್ ಕೊಟ್ಟಿದ್ದರೆ ತಾಣದ ಅಕೌಂಟ್ ಪುಟದಲ್ಲಿ. ರದ್ದು ಮಾಡುವಾಗ ಮೂರು ನಾಲ್ಕು ಪರದೆ ಬರುತ್ತವೆ, "ನಿಜವಾಗಿಯೂ ಹೋಗುತ್ತೀರಾ", "ಅರ್ಧ ಬೆಲೆಗೆ ಇರಿ", "ಎರಡು ತಿಂಗಳು ವಿರಾಮ ತಗೊಳ್ಳಿ" ಅಂತ. ಉಳಿಯುವ ಬಟನ್ ದೊಡ್ಡದು, ಬಣ್ಣದ್ದು. ಹೋಗುವ ಕೊಂಡಿ ಬೂದು ಅಕ್ಷರದಲ್ಲಿ ಕೆಳಗೆ ಎಲ್ಲೋ. ಕೊನೆಯ ಪರದೆವರೆಗೆ ಹೋಗಿ, ರದ್ದಾಗಿದೆ ಅನ್ನುವ ಇಮೇಲ್ ಬರುವ ತನಕ ಮುಗಿಯಿತು ಅಂದುಕೊಳ್ಳಬೇಡಿ. ಇಂಥ ಪರದೆಗಳನ್ನು ನಿರ್ಧರಿಸಿದ ಸಭೆಗಳಲ್ಲಿ ನಾನೂ ಕೂತಿದ್ದೇನೆ, ಅದರ ಬಗ್ಗೆ ಇವತ್ತಿಗೂ ಬೇಸರ ಇದೆ. ಅಮೆರಿಕದಲ್ಲಿ ಪ್ರೈಮ್ ಸದಸ್ಯತ್ವ ರದ್ದು ಮಾಡುವುದನ್ನು ಬೇಕಂತಲೇ ಕಷ್ಟ ಮಾಡಿದ್ದಾರೆ ಅಂತ ಅಮೆಜಾನ್ ಮೇಲೆ ಅಲ್ಲಿನ ವ್ಯಾಪಾರ ಆಯೋಗ ಎಫ್‌ಟಿಸಿ 2023ರಲ್ಲಿ ಕೇಸು ಹಾಕಿತು, 2025ರಲ್ಲಿ ಅದು 250 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಈ ತಿಂಗಳ ಹಣ ವಾಪಸ್ ಕೇಳಿ. ಆ್ಯಪ್ ತೆಗೆದ ದಿನಾಂಕ ತಿಳಿಸಿ, ಆಮೇಲೆ ಏನೂ ಓದಿಲ್ಲ ಅಂತ ಹೇಳಿ. ನಮ್ಮಲ್ಲಿ ಹಾಗೆ ಮರ್ಯಾದೆಯಿಂದ ಕೇಳಿದವರಿಗೆ ಸಾಮಾನ್ಯವಾಗಿ ಕೊಡುತ್ತಿದ್ದೆವು.

ಮತ್ತೆ ಎಲ್ಲಾದರೂ ಸೇರುವುದಾದರೆ ಫೋನಿನ ಸ್ಟೋರ್ ಬಿಟ್ಟು ನೇರವಾಗಿ ತಾಣದಲ್ಲೇ ಸೇರಿ. ಆಪಲ್ ತನ್ನ ಸ್ಟೋರ್ ಮೂಲಕ ಬಂದ ಚಂದಾದಲ್ಲಿ ಸಾಮಾನ್ಯವಾಗಿ ಮೊದಲ ವರ್ಷ 30%, ಆಮೇಲೆ 15% ಇಟ್ಟುಕೊಳ್ಳುತ್ತದೆ. ಅಷ್ಟು ವರದಿಗಾರರಿಗೆ ಹೋಗಲಿ. ಮೊದಲ ತಿಂಗಳು ಕಡಿಮೆ ಬೆಲೆ ಅಂತ ಸೇರಿದರೆ, ಪೂರ್ತಿ ಬೆಲೆ ಶುರುವಾಗುವ ದಿನಕ್ಕಿಂತ ಮೂರು ದಿನ ಮೊದಲು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದರೆ, ಸುದ್ದಿ ತಾಣದ ಚಂದಾ ಇನ್ನು ಮೂರು ತಿಂಗಳು ಇಟ್ಟುಕೊಳ್ಳುತ್ತಿದ್ದೆ. ವಿಡಿಯೋ ಮೆಂಬರ್‌ಶಿಪ್ ಮೂರು ತಿಂಗಳು ನಿಲ್ಲಿಸಿ, ವಿಡಿಯೋಗಳನ್ನು ಬಿಟ್ಟಿಯಾಗಿಯೇ ನೋಡುತ್ತಿದ್ದೆ. ಈ ಮೂರು ತಿಂಗಳಲ್ಲಿ ಸುದ್ದಿ ತಾಣ ನಿಮ್ಮ ನಾಯಕರ ವಿರೋಧಿಗಳ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಬರೆಯುತ್ತದಾ ಅಂತ ಗಮನಿಸಿ. ಎರಡೂ ಕಡೆ ಬರೆಯುತ್ತಿದ್ದರೆ ಅದು ನಿಮಗೆ ಬೈದಿಲ್ಲ, ತನ್ನ ಕೆಲಸ ಮಾಡಿದೆ. ಒಂದೇ ಕಡೆ ಹೊಡೆಯುತ್ತಿದ್ದರೆ ನಿಮ್ಮ ಮನಸ್ಸಿಗೆ ಅನಿಸಿದ್ದೇ ಸರಿ, ಬಿಟ್ಟುಬಿಡಿ. ಆ ವರದಿ ಬರೆದವರ ಹೆಸರು ಮೇಲೆ ಇರುತ್ತದಲ್ಲ, ಅವರ ಹಿಂದಿನ ಹತ್ತು ವರದಿಗಳನ್ನು ಇವತ್ತೇ ತೆರೆದು ನೋಡಿ. ಮೂರು ತಿಂಗಳು ಕಾಯುವ ಮೊದಲೇ ಅರ್ಧ ಉತ್ತರ ಅಲ್ಲೇ ಸಿಗಬಹುದು. ಏನು ಕಂಡಿತು ಅಂತ ನನಗೂ ಬರೆಯಿರಿ.